ಹಳೆಯ ವಾಹನದಲ್ಲಿ ಬಂದುಹೋಗುವ ಎಂಜಿನ್ ಶಕ್ತಿಕುಸಿತ: ದೋಷ ಪತ್ತೆ ಹೇಗೆ?

ಕಳ್ಳಂಬೆಳ್ಳ (ಶಿರಾ ತಾಲ್ಲೂಕು): ಬೆಂಗಳೂರಿನಿಂದ ಹೊರಟ ಹಳೆಯ ಕಾರು ತುಮಕೂರಿನವರೆಗೆ ಯಾವ ತಕರಾರೂ ಇಲ್ಲದೆ ಬರುತ್ತದೆ. ಅಲ್ಲಿಂದ ಮುಂದೆ ಶಿರಾ ದಿಕ್ಕಿನ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ಓಡಿದ ಬಳಿಕ, ಕಳ್ಳಂಬೆಳ್ಳದ ಆಸುಪಾಸಿನಲ್ಲಿ ಎಂಜಿನ್ ಸೊರಗಲಾರಂಭಿಸುತ್ತದೆ. ಎಕ್ಸಲರೇಟರ್ ಪೂರ್ತಿ ಒತ್ತಿದರೂ ವೇಗ 50ಕ್ಕೆ ಇಳಿಯುತ್ತದೆ. ರಸ್ತೆ ಬದಿಗೆ ನಿಲ್ಲಿಸಿ, ಐದು ನಿಮಿಷ ಕಳೆದು ಹೊರಟರೆ ಏನೂ ಆಗಿಯೇ ಇಲ್ಲವೆಂಬಂತೆ ಎಳೆಯುತ್ತದೆ. ಗ್ಯಾರೇಜಿಗೆ ಒಯ್ದಾಗ ದೋಷದ ಸುಳಿವೇ ಇರುವುದಿಲ್ಲ.

ಹಳೆಯ ವಾಹನಗಳ ಮಾಲೀಕರಲ್ಲಿ ಅನೇಕರಿಗೆ ಪರಿಚಿತವಾದ ತೊಂದರೆ ಇದು. ಸದಾ ಇರುವ ದೋಷವನ್ನು ಹುಡುಕುವುದು ಸುಲಭ, ಬಂದುಹೋಗುವ ದೋಷವನ್ನು ಹಿಡಿಯುವುದು ಕಷ್ಟ. ಆ ಕಾರಣಕ್ಕಾಗಿಯೇ ಪ್ಲಗ್, ಕಾಯಿಲ್, ಪಂಪ್, ಕಾರ್ಬೊರೇಟರ್ ಎಂದು ಒಂದಾದ ಮೇಲೊಂದು ಬಿಡಿಭಾಗ ಬದಲಾಗುತ್ತ ಹೋಗುತ್ತದೆ. ಸಾವಿರಾರು ರೂಪಾಯಿ ವೆಚ್ಚವಾದ ಮೇಲೂ ಮುಂದಿನ ಪ್ರಯಾಣದಲ್ಲಿ ಅದೇ ಕಥೆ. ದೋಷ ಯಾವ ಸ್ಥಿತಿಯಲ್ಲಿ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ಮೊದಲು ಗುರುತಿಸಿ, ಅದೇ ಸ್ಥಿತಿಯಲ್ಲಿ ಪರೀಕ್ಷಿಸಿದ ಹೊರತು ಬಿಡಿಭಾಗ ಬದಲಿಸುವುದು ಬರಿಯ ಅದೃಷ್ಟದಾಟ.

ಹಣಕ್ಕಿಂತ ದೊಡ್ಡ ವಿಷಯವೂ ಇದೆ. ಬೆಂಗಳೂರು–ಪುಣೆ ಹೆದ್ದಾರಿಯ ಈ ಭಾಗ, ಅಂದರೆ ಹಿಂದಿನ ರಾಷ್ಟ್ರೀಯ ಹೆದ್ದಾರಿ 4, ಇಂದಿನ 48, ಹಗಲಿರುಳು ಭಾರಿ ಲಾರಿಗಳು ಓಡುವ ದಾರಿ. 2022ರ ಆಗಸ್ಟ್ 25ರ ನಸುಕಿನಲ್ಲಿ ಕಳ್ಳಂಬೆಳ್ಳ ಸಮೀಪ ಲಾರಿ ಮತ್ತು ಕ್ರೂಸರ್ ನಡುವೆ ಸಂಭವಿಸಿದ ಅಪಘಾತದಲ್ಲಿ ರಾಯಚೂರು ಜಿಲ್ಲೆಯಿಂದ ದುಡಿಮೆಗಾಗಿ ಬೆಂಗಳೂರಿಗೆ ಹೊರಟಿದ್ದ ಒಂಬತ್ತು ಮಂದಿ ಮೃತಪಟ್ಟಿದ್ದರು. ಆ ದುರಂತವನ್ನು ಇಲ್ಲಿ ನೆನೆಯುವುದು ಎಂಜಿನ್ ದೋಷದ ನಿದರ್ಶನವಾಗಿ ಅಲ್ಲ, ಈ ರಸ್ತೆಯ ವೇಗ ಮತ್ತು ಭಾರದ ಅರಿವಿಗಾಗಿ. ಲಾರಿಯೊಂದನ್ನು ಹಿಂದಿಕ್ಕುತ್ತಿರುವ ಹೊತ್ತಿನಲ್ಲಿ ಎಂಜಿನ್ ಶಕ್ತಿ ಕಳೆದುಕೊಂಡರೆ ಚಾಲಕನ ಕೈಯಲ್ಲಿ ಉಳಿಯುವ ಆಯ್ಕೆಗಳು ತೀರಾ ಕಡಿಮೆ.

ನಗರದಲ್ಲಿ ಸರಿ, ಹೆದ್ದಾರಿಯಲ್ಲಿ ಏಕೆ ಹೀಗೆ?

ಉತ್ತರ ಸರಳ ಲೆಕ್ಕದಲ್ಲಿದೆ. ನಗರದ ದಟ್ಟಣೆಯಲ್ಲಿ ಗಂಟೆಗೆ ಸರಾಸರಿ 20 ಕಿ.ಮೀ. ಸಾಗುವ ಸಣ್ಣ ಕಾರು ಲೀಟರಿಗೆ 12 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ ಅದಕ್ಕೆ ಬೇಕಾಗುವ ಪೆಟ್ರೋಲ್ 1.7 ಲೀಟರ್. ಅದೇ ಕಾರು ಹೆದ್ದಾರಿಯಲ್ಲಿ 80 ಕಿ.ಮೀ. ವೇಗದಲ್ಲಿ ಲೀಟರಿಗೆ 15 ಕಿ.ಮೀ. ಕೊಟ್ಟರೂ ಗಂಟೆಗೆ 5.3 ಲೀಟರ್ ಬೇಕು. ಮೈಲೇಜ್ ಹೆಚ್ಚಾದರೂ ಹರಿವು ಮೂರು ಪಟ್ಟು. ಅರ್ಧ ಕಟ್ಟಿಕೊಂಡ ಫಿಲ್ಟರ್ ನಗರದ ಅಗತ್ಯವನ್ನು ನಿರಾಯಾಸವಾಗಿ ಪೂರೈಸುತ್ತದೆ, ಹೆದ್ದಾರಿಯಲ್ಲಿ ಸೋಲುತ್ತದೆ. ಗ್ಯಾರೇಜಿನ ಅಂಗಳದಲ್ಲಿ, ನ್ಯೂಟ್ರಲ್‌ನಲ್ಲಿ ಎಷ್ಟೇ ರೇಸ್ ಮಾಡಿದರೂ ಭಾರ ಹೊತ್ತ ಎಂಜಿನ್ನಿನ ಅಗತ್ಯ ಅಲ್ಲಿ ಮರುಕಳಿಸುವುದಿಲ್ಲ. ದೋಷ 'ಸಿಗುತ್ತಿಲ್ಲ' ಎಂದು ಮೆಕ್ಯಾನಿಕ್ ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಎಂಜಿನ್ನೇ ಅಪರಾಧಿಯೇ?

ಬಾನೆಟ್ ತೆರೆಯುವ ಮೊದಲು ಎರಡು ಸಂಶಯಗಳನ್ನು ನಿವಾರಿಸಿಕೊಳ್ಳಬೇಕು. ಕ್ಲಚ್ ಪ್ಲೇಟ್ ಸವೆದ ವಾಹನದಲ್ಲಿ ಏರು ಬಂದಾಗ ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ 40 ಕಿ.ಮೀ. ವೇಗದಲ್ಲಿದ್ದು ಒಮ್ಮೆಲೆ ಎಕ್ಸಲರೇಟರ್ ಒತ್ತಿದಾಗ ಸದ್ದು ಮಾತ್ರ ಜಿಗಿದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಎರಡನೆಯದು ಹಿಡಿದುಕೊಂಡ ಬ್ರೇಕ್. ಕೆಲವು ಕಿಲೋಮೀಟರ್ ಓಡಿದ ಮೇಲೆ ನಾಲ್ಕು ಚಕ್ರಗಳ ಬಳಿ ಅಂಗೈ ಹಿಡಿದು ನೋಡಿ (ಮುಟ್ಟಬೇಡಿ). ಒಂದು ಚಕ್ರ ಉಳಿದವಕ್ಕಿಂತ ಬಹಳ ಬಿಸಿಯಾಗಿದ್ದರೆ ತಪ್ಪು ಎಂಜಿನ್ನಿನದಲ್ಲ.

ಪ್ರಕೃತಿಯ ಪಾಲೂ ಸ್ವಲ್ಪವಿದೆ. ತುಮಕೂರು–ಶಿರಾ ಭಾಗ ಸಮುದ್ರಮಟ್ಟದಿಂದ ಸುಮಾರು 650ರಿಂದ 800 ಮೀಟರ್ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಈ ಎತ್ತರದಲ್ಲಿ ಕರಾವಳಿಗೆ ಹೋಲಿಸಿದರೆ ಶೇ 7–8ರಷ್ಟು ಶಕ್ತಿ ಕಳೆದುಕೊಂಡೇ ಓಡುತ್ತಿರುತ್ತದೆ. ಪಾವಗಡದ ಕಡೆಯ ಬೇಸಿಗೆ ಮಧ್ಯಾಹ್ನದಲ್ಲಿ ಗಾಳಿ ಕಾದು ತೆಳುವಾದಾಗ ಇನ್ನಷ್ಟು ಕುಂದುತ್ತದೆ. ಆದರೆ ಇದು ಒಂದೇ ಸಮನೆ ಇರುವ ಕೊರತೆ. ಐದು ನಿಮಿಷದಲ್ಲಿ ಬಂದುಹೋಗುವಂಥದ್ದಲ್ಲ.

ಕುಸಿತದ ಬಗೆಯೇ ಮೊದಲ ಸಾಕ್ಷಿ

ಮೆಕ್ಯಾನಿಕ್‌ಗಳ ಭಾಷೆಯಲ್ಲಿ 'ಪಿಕಪ್ ಇಲ್ಲ', 'ಕಟ್ ಆಗುತ್ತದೆ', 'ಮಿಸ್ಸಿಂಗ್' ಎಂಬ ಮೂರು ಮಾತುಗಳಿವೆ. ಗ್ರಾಹಕರು ಇವನ್ನು ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿ.

ಶಕ್ತಿ ನಿಧಾನವಾಗಿ, ನಾಲ್ಕಾರು ಸೆಕೆಂಡುಗಳಲ್ಲಿ ಕುಂದಿದರೆ ಇಂಧನ ಪೂರೈಕೆಯ ಮೇಲೆ ಮೊದಲ ಅನುಮಾನ. ಸ್ವಿಚ್ ಆರಿಸಿದಂತೆ ಥಟ್ಟನೆ ನಿಂತು ಮರುಕ್ಷಣ ಮರಳಿದರೆ ವಿದ್ಯುತ್ ಸಂಪರ್ಕದ ಮೇಲೆ. ಒಂದು ಸಿಲಿಂಡರ್ ಆಗಾಗ ಕೈಕೊಟ್ಟಂತೆ ಗಾಡಿ ಕುಲುಕಿದರೆ ಪ್ಲಗ್, ಹೈಟೆನ್ಷನ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಇತ್ಯಾದಿಗಳ ಮೇಲೆ. ಆರ್‌ಪಿಎಂ ಮೀಟರ್ ಇರುವ ಪೆಟ್ರೋಲ್ ವಾಹನದಲ್ಲಿ ಇನ್ನೊಂದು ಸುಳಿವು ಉಚಿತವಾಗಿ ಸಿಗುತ್ತದೆ: ಗಾಡಿ ಗೇರ್‌ನಲ್ಲಿ ಓಡುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ ಇಗ್ನಿಷನ್ ಕಡೆಯ ಸಂಪರ್ಕ ತಪ್ಪಿದೆ. ಮುಳ್ಳು ವೇಗದೊಂದಿಗೇ ನಿಧಾನವಾಗಿ ಇಳಿದರೆ ಪೆಟ್ರೋಲ್ ಸಾಲುತ್ತಿಲ್ಲ.

ದೋಷ ಬಂದಾಗಲೆಲ್ಲ ಗುರುತಿಟ್ಟುಕೊಳ್ಳಬೇಕಾದದ್ದು ಹೊರಟು ಎಷ್ಟು ಕಿಲೋಮೀಟರ್ ಆಗಿತ್ತು, ಯಾವ ಗೇರ್, ಎಷ್ಟು ವೇಗ, ಟ್ಯಾಂಕಿನಲ್ಲಿ ಎಷ್ಟು ಇಂಧನ, ಟೆಂಪರೇಚರ್ ಮುಳ್ಳು ಎಲ್ಲಿತ್ತು, ಮಳೆ ಇತ್ತೇ, ಹಿಂದಿನ ಬಾರಿ ಇಂಧನ ತುಂಬಿಸಿದ್ದು ಯಾವಾಗ ಮತ್ತು ಎಷ್ಟು ನಿಮಿಷದಲ್ಲಿ ಸರಿಹೋಯಿತು ಎಂಬ ವಿವರಗಳು. ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಬರೆದುಕೊಳ್ಳುವ ಕೆಲಸ ಪಕ್ಕದಲ್ಲಿ ಕುಳಿತವರದು, ಚಾಲಕನದಲ್ಲ.

ಐದು ನಿಮಿಷವೋ, ಅರ್ಧ ಗಂಟೆಯೋ?

ನಿಲ್ಲಿಸಿದ ಕೂಡಲೇ ಗಾಡಿ ಸರಿಹೋದರೆ 'ಎಂಜಿನ್ ತಣ್ಣಗಾಯಿತು, ಅದಕ್ಕೇ ಸರಿಹೋಯಿತು' ಎಂದು ಬಹುತೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ಓಡುತ್ತಿರುವ ವಾಹನದ ಬಾನೆಟ್ ಒಳಗೆ ಗಾಳಿ ನುಗ್ಗುತ್ತಿರುತ್ತದೆ, ನಿಲ್ಲಿಸಿದೊಡನೆ ಅದು ನಿಲ್ಲುತ್ತದೆ. ಎಂಜಿನ್ನಿನ ಕಾವು ಸುತ್ತಲಿನ ಪಂಪ್, ಕಾಯಿಲ್, ಪೈಪುಗಳಿಗೆ ಏರುವುದು ಆ ಮೇಲೆಯೇ. ಮೊದಲ ಹತ್ತು ನಿಮಿಷ ಒಳಗಿನ ಬಿಸಿ ಇಳಿಯುವ ಬದಲು ಏರುತ್ತದೆ. ಆದ್ದರಿಂದ ಒಂದೆರಡು ನಿಮಿಷದ ವಿಶ್ರಾಂತಿಯಲ್ಲಿ ವಾಸಿಯಾಗುವ ದೋಷಕ್ಕೆ ಕಾರಣ ಸಾಮಾನ್ಯವಾಗಿ ಬಿಸಿಯಲ್ಲ, ಇಂಧನ ಮಾರ್ಗದಲ್ಲಿನ ಅಡ್ಡಿ. ಕಾರ್ಬೊರೇಟರ್‌ನ ಬಟ್ಟಲು ಬರಿದಾಗಿತ್ತು, ನಿಂತಾಗ ತುಂಬಿಕೊಂಡಿತು, ಅಷ್ಟೇ.

ಅಂಥ ಅಡ್ಡಿಗಳಲ್ಲಿ ಅತ್ಯಂತ ಅಗ್ಗದ್ದು ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಸೇರಬೇಕು. ಹಳೆಯ ವಾಹನಗಳಲ್ಲಿ ಮುಚ್ಚಳದಲ್ಲಿಯೋ ಪ್ರತ್ಯೇಕ ಕೊಳವೆಯಲ್ಲಿಯೋ ಇರುವ ಸಣ್ಣ ಗಾಳಿರಂಧ್ರ ಧೂಳಿನಿಂದ ಮುಚ್ಚಿಹೋದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪಂಪ್ ಎಳೆಯಲಾರದೆ ಸೋಲುತ್ತದೆ. ದೋಷ ಕಾಣಿಸಿಕೊಂಡಾಗ ಸುರಕ್ಷಿತ ಸ್ಥಳದಲ್ಲಿ ಎಂಜಿನ್ ಆರಿಸಿ, ಬೆಂಕಿ–ಬೀಡಿಗಳಿಂದ ದೂರವಿದ್ದು ಮುಚ್ಚಳ ತೆರೆಯಿರಿ. ಗಾಳಿ ಒಳಕ್ಕೆ ನುಗ್ಗುವ ದೀರ್ಘ ಸದ್ದು ಕೇಳಿ, ಕೂಡಲೇ ಹೊರಟಾಗ ಗಾಡಿ ಮೊದಲಿನಂತೆ ಎಳೆದರೆ ಕಾರಣ ಸಿಕ್ಕಂತೆ. ಹೊಸ ಮುಚ್ಚಳ ಕೊಳ್ಳುವಾಗ ಅದೇ ಮಾದರಿಯದನ್ನು ಕೇಳಿ ಪಡೆಯಬೇಕು. ನೋಡಲು ಒಂದೇ ತೆರನಾದ, ಆದರೆ ರಂಧ್ರವೇ ಇಲ್ಲದ ಮುಚ್ಚಳ ಹಾಕಿಕೊಂಡು ದೋಷವನ್ನು ಆಹ್ವಾನಿಸಿದವರೂ ಉಂಟು.

ಮುಚ್ಚಳ ನಿರ್ದೋಷಿಯಾದರೆ ಮುಂದಿನ ಅನುಮಾನ ಟ್ಯಾಂಕಿನ ತಳದ ತುಕ್ಕು ಮತ್ತು ಕಸ. ಹರಿವು ಹೆಚ್ಚಾದಾಗ ಕಸ ಎಳೆಯಲ್ಪಟ್ಟು ಕೊಳವೆಯ ಬಾಯಿಯ ಜಾಲರಿಗೆ ಅಂಟಿಕೊಳ್ಳುತ್ತದೆ, ಎಂಜಿನ್ ನಿಂತಾಗ ಉದುರಿ ತಳ ಸೇರುತ್ತದೆ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿದ್ದಾಗ ಮಾತ್ರ ದೋಷ ಬರುತ್ತಿದ್ದರೆ ಈ ಅನುಮಾನ ಬಲವಾಗುತ್ತದೆ, ಅಥವಾ ಎಳೆಯುವ ಕೊಳವೆ ಮಧ್ಯದಲ್ಲೆಲ್ಲೋ ಬಿರುಕು ಬಿಟ್ಟಿರಬಹುದು. ಫಿಲ್ಟರ್ ಬದಲಿಸಿದ ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿಕೊಂಡರೆ ಟ್ಯಾಂಕ್ ಇಳಿಸಿ ತೊಳೆಯುವುದನ್ನು ಮುಂದೂಡಬಾರದು.

ಎಂಪಿಎಫ್‌ಐ ವಾಹನಗಳಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪ್ ಸಾಮಾನ್ಯವಾಗಿ 2.5ರಿಂದ 3 ಬಾರ್ ಒತ್ತಡ ಕೊಡಬೇಕು. ನಿಖರ ಅಂಕಿ ಆಯಾ ಮಾದರಿಯ ಕೈಪಿಡಿಯಲ್ಲಿರುತ್ತದೆ. ಈ ಒತ್ತಡವನ್ನು ನಿಂತ ಗಾಡಿಯಲ್ಲಿ ಅಳೆದು 'ಸರಿ ಇದೆ' ಎನ್ನುವುದರಿಂದ ಪ್ರಯೋಜನವಿಲ್ಲ. ಮೀಟರನ್ನು ಗಾಜಿನ ಹೊರಗೆ ಕಾಣುವಂತೆ ಭದ್ರವಾಗಿ ಕಟ್ಟಿ, ದೋಷ ಬರುವ ರಸ್ತೆಯಲ್ಲೇ ಓಡಿಸಿ ನೋಡಬೇಕು. ಪೆಟ್ರೋಲ್ ತುಂಬಿದ ಪೈಪನ್ನು ಯಾವ ಕಾರಣಕ್ಕೂ ಕಾರಿನ ಒಳಗೆ ತರಬಾರದು. ಇದು ಅನುಭವಿ ಮೆಕ್ಯಾನಿಕ್ ಮಾಡಬೇಕಾದ ಕೆಲಸ.

ಇನ್ನು ನಿಜವಾಗಿಯೂ ಬಿಸಿಯಿಂದ ಬರುವ ದೋಷ. ಇದರ ಲಕ್ಷಣ ಬೇರೆ. ಹೋಟೆಲಿನ ಮುಂದೆ ಹದಿನೈದು ನಿಮಿಷ ನಿಲ್ಲಿಸಿ, ಕಾಫಿ ಕುಡಿದು ಹೊರಟಾಗ ಗಾಡಿ ಮುಗ್ಗರಿಸಿದರೆ ಅದು ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿರುವುದರ ಸೂಚನೆ. ರೂಢಿಯಲ್ಲಿ ಇದಕ್ಕೆ 'ಏರ್‌ಲಾಕ್' ಎನ್ನುವರು. ಎಂಜಿನ್ನಿಗೇ ತಾಗಿಕೊಂಡ ಪಂಪ್ ಇರುವ ಹಳೆಯ ಕಾರ್ಬೊರೇಟರ್ ವಾಹನಗಳಲ್ಲಿ ಇದು ಹೆಚ್ಚು. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನ ಚಾಲಕರು ಬೇಸಿಗೆಯಲ್ಲಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಮೂಢನಂಬಿಕೆಯಲ್ಲ. ಒದ್ದೆ ಬಟ್ಟೆಯಿಂದ ಸರಿಹೋದರೆ ರೋಗನಿರ್ಣಯವೂ ಆದಂತೆಯೇ.

ಬಿಸಿಗೆ ಸೋಲುವ ಇನ್ನೊಂದು ಗುಂಪು ಇಗ್ನಿಷನ್ ಕಾಯಿಲ್, ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಗೂ ಕ್ರ್ಯಾಂಕ್ ಸೆನ್ಸರ್‌ಗಳದು. ಒಳಗಿನ ಸೂಕ್ಷ್ಮ ತಂತಿ ಕಾದಾಗ ಹಿಗ್ಗಿ ಸಂಪರ್ಕ ತಪ್ಪುತ್ತದೆ. ಇವು ಚೇತರಿಸಿಕೊಳ್ಳಲು ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಬೇಕು. ತಣ್ಣಗಿರುವಾಗ ಮೀಟರ್ ಹಿಡಿದರೆ ಎಲ್ಲವೂ ಸರಿಯೆಂದೇ ತೋರಿಸುತ್ತದೆ.

ಹತ್ತು ರೂಪಾಯಿಯ ಬಲ್ಬ್ ಹೇಳುವ ಸತ್ಯ

ಥಟ್ಟನೆ ಕಟ್ ಆಗುವ ಹಳೆಯ ಪೆಟ್ರೋಲ್ ವಾಹನಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಕಾಯಿಲ್‌ಗೆ ಕರೆಂಟ್ ಬರುವ ತುದಿಯಿಂದ ಫ್ಯೂಸ್ ಸಹಿತ ವೈರ್ ಎಳೆದು ಡ್ಯಾಶ್‌ಬೋರ್ಡ್ ಮೇಲೆ 12 ವೋಲ್ಟ್‌ನ ಸಣ್ಣ ಬಲ್ಬ್ ಇಟ್ಟು ಓಡಿಸಿ. ಎಂಜಿನ್ ಕಟ್ ಆದ ಕ್ಷಣದಲ್ಲಿ ಬಲ್ಬ್ ಕೂಡ ಆರಿದರೆ ದೋಷ ಕಾಯಿಲ್‌ಗಿಂತ ಹಿಂದೆ, ಅಂದರೆ ಕೀ ಸ್ವಿಚ್, ಫ್ಯೂಸ್ ಬಾಕ್ಸ್, ರಿಲೇ ಅಥವಾ ವೈರಿಂಗ್‌ನಲ್ಲಿದೆ. ಬಲ್ಬ್ ಉರಿಯುತ್ತಲೇ ಇದ್ದರೆ ಕಾಯಿಲ್ ಅಥವಾ ಅದರ ಮುಂದಿನ ಭಾಗಗಳಲ್ಲಿದೆ. ವಿದ್ಯುತ್ ಪೆಟ್ರೋಲ್ ಪಂಪಿಗೂ ಇದೇ ಉಪಾಯ ಅನ್ವಯಿಸುತ್ತದೆ. ಅರ್ಧದಷ್ಟು ಬಿಡಿಭಾಗಗಳನ್ನು ಒಂದೇ ಓಟದಲ್ಲಿ ಅನುಮಾನದಿಂದ ಮುಕ್ತಗೊಳಿಸುವ ಇಂಥ ಪರೀಕ್ಷೆಯನ್ನು ಗ್ಯಾರೇಜುಗಳು ಏಕೆ ವಿರಳವಾಗಿ ಮಾಡುತ್ತವೆ ಎಂಬುದು ಕೇಳಬೇಕಾದ ಪ್ರಶ್ನೆ.

ಹಳೆಯ ವಾಹನಗಳಲ್ಲಿ ಕಡೆಗಣಿತವಾಗಿರುವುದು ಅರ್ಥಿಂಗ್. ಎಂಜಿನ್ ಚಾಲನೆಯಲ್ಲಿ, ಹೆಡ್‌ಲೈಟ್ ಉರಿಯುತ್ತಿರುವಾಗ ಬ್ಯಾಟರಿಯ ನೆಗೆಟಿವ್ ತುದಿ ಮತ್ತು ಎಂಜಿನ್ ಮೈ ನಡುವೆ ಮಲ್ಟಿಮೀಟರ್ ಹಿಡಿಯಿರಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥ್ ಪಟ್ಟಿಯನ್ನು ಬಿಚ್ಚಿ, ತುಕ್ಕು ಉಜ್ಜಿ ಬಿಗಿಗೊಳಿಸಬೇಕು.

ಪಾಯಿಂಟ್ ಸೆಟ್ ಇರುವ ಹಳೆಯ ಎಂಜಿನ್‌ಗಳಲ್ಲಿ ಪಾಯಿಂಟ್‌ನ ಅಂತರ ಸುಮಾರು 0.4 ಮಿ.ಮೀ. ಇರಬೇಕು. ಮಳೆಗಾಲದ ಬೆಳಿಗ್ಗೆ ಮಾತ್ರ ಮಿಸ್ಸಿಂಗ್ ಬರುವ ಗಾಡಿಯ ಬಾನೆಟ್ಟನ್ನು ಕತ್ತಲಲ್ಲಿ ತೆರೆದು, ಎಂಜಿನ್ ಓಡುತ್ತಿರುವಾಗ ದೂರದಿಂದ ನೋಡಿ. ಹೈಟೆನ್ಷನ್ ವೈರ್‌ಗಳ ಸುತ್ತ ನೀಲಿ ಕಿಡಿ ಕಂಡರೆ ಅವನ್ನು ಬದಲಿಸಬೇಕು. ಕೈ ಹಾಕಬಾರದು.

ಡೀಸೆಲ್ ವಾಹನಗಳು

ಕಡಲೆಕಾಯಿ ಮೂಟೆ, ತರಕಾರಿ, ಜನ ಎಲ್ಲವನ್ನೂ ಹೊರುವ ಜೀಪು, ಟೆಂಪೊ, ಸುಮೊಗಳೇ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿ ದಾರಿಗಳ ಜೀವನಾಡಿ. ಇವುಗಳಲ್ಲಿ ಹೊಗೆಯ ಬಣ್ಣವೇ ಮಾತನಾಡುತ್ತದೆ. ಶಕ್ತಿ ಕುಸಿದಾಗ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ: ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದೆ ಅಥವಾ ಟರ್ಬೊದ ರಬ್ಬರ್ ಪೈಪು ಸೀಳಿದೆ. ಹೊಗೆಯೇ ಇಲ್ಲದೆ ಕುಸಿದರೆ ಡೀಸೆಲ್ ಸಾಲುತ್ತಿಲ್ಲ. ಕುಲುಕಾಟದೊಂದಿಗೆ ಬಿಳಿ ಹೊಗೆ ಬಂದರೆ ಡೀಸೆಲ್‌ನಲ್ಲಿ ಗಾಳಿ ಅಥವಾ ನೀರು ಸೇರಿರುವ ಸಾಧ್ಯತೆ ಹೆಚ್ಚು.

ಗಾಳಿ ಸೇರುವ ಜಾಗ ಹುಡುಕುವುದರಲ್ಲಿ ಅನೇಕರು ಎಡವುತ್ತಾರೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ಎಳೆಯಲ್ಪಡುತ್ತದೆ, ತಳ್ಳಲ್ಪಡುವುದಿಲ್ಲ. ಅಲ್ಲಿ ಬಿರುಕಿದ್ದರೆ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಡೀಸೆಲ್ ಹೊರಗೆ ಸೋರುವುದಿಲ್ಲ. 'ಎಲ್ಲೂ ಒದ್ದೆಯಿಲ್ಲ, ಲೀಕ್ ಇಲ್ಲ' ಎಂಬ ತೀರ್ಮಾನ ಆದ್ದರಿಂದಲೇ ತಪ್ಪಾಗುತ್ತದೆ. ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ತಾತ್ಕಾಲಿಕವಾಗಿ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಗಟ್ಟಿಯಾದ ರಬ್ಬರ್ ಪೈಪ್, ಫಿಲ್ಟರ್ ಮೇಲಿನ ಸವೆದ ವಾಷರ್, ಹ್ಯಾಂಡ್ ಪಂಪಿನ ಸೀಲ್ ಇವೇ ಸಾಮಾನ್ಯ ಅಪರಾಧಿಗಳು. ಫಿಲ್ಟರ್ ತಳದ ತಿರುಪು ಸಡಿಲಿಸಿ ನೀರು ಬಸಿಯುವುದನ್ನು ಮಳೆಗಾಲದಲ್ಲಿ ಮರೆಯಬಾರದು.

ಕಾಮನ್ ರೈಲ್ ಎಂಜಿನ್‌ಗಳಿಗೆ ಈ ಹಳೆಯ ವಿದ್ಯೆ ಎಲ್ಲವೂ ಒಗ್ಗದು. ಅವುಗಳ ಪೈಪಿನಲ್ಲಿ ಒತ್ತಡ 1,000 ಬಾರ್ ಮೀರುವುದರಿಂದ ಓಡುತ್ತಿರುವಾಗ ನಟ್ ಸಡಿಲಿಸುವುದು ಪ್ರಾಣಾಪಾಯ. ಕೀ ಆರಿಸಿ ಮತ್ತೆ ಹಾಕಿದೊಡನೆ ಶಕ್ತಿ ಮರಳುವುದಾದರೆ, ದೋಷ ಕಂಡ ಕಂಪ್ಯೂಟರ್ ತಾನೇ ಶಕ್ತಿಯನ್ನು ತಗ್ಗಿಸುತ್ತಿದೆ ಎಂದು ತಿಳಿಯಬೇಕು. ದೋಷದ ಸಂಕೇತ ಅದರ ನೆನಪಿನಲ್ಲಿ ಉಳಿದಿರುತ್ತದೆ. ಸ್ಕ್ಯಾನರ್ ಹಚ್ಚುವ ಮೊದಲು ಬ್ಯಾಟರಿ ಬಿಚ್ಚಿದರೆ ಆ ಸಾಕ್ಷಿಯೇ ಅಳಿಸಿಹೋಗಬಹುದು.

ಎಥೆನಾಲ್ ಬೆರೆತ ಪೆಟ್ರೋಲ್

ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ ನರೇಂದ್ರ ಮೋದಿ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ನೀಡಿದರು. 2025ರ ವೇಳೆಗೆ ಅದು ದೇಶದಾದ್ಯಂತ ಸಾಮಾನ್ಯವಾಯಿತು. 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800ರಂಥ ವಾಹನಗಳು ಈ ಇಂಧನಕ್ಕೆಂದು ರೂಪುಗೊಂಡವಲ್ಲ. ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ನ ಮೂರನೇ ಎರಡರಷ್ಟು ಮಾತ್ರ. ಇದರಿಂದ ಮೈಲೇಜ್ ಸ್ವಲ್ಪ ಇಳಿಯಬಹುದು, ಆದರೆ ಬಂದುಹೋಗುವ ಕುಸಿತಕ್ಕೆ ಅದು ಕಾರಣವಲ್ಲ. ಎಲ್ಲ ದೋಷವನ್ನೂ ಎಥೆನಾಲ್ ತಲೆಗೆ ಕಟ್ಟುವ ಈಗಿನ ರೂಢಿ ಅರ್ಧಸತ್ಯ.

ಉಳಿದರ್ಧ ಇಲ್ಲಿದೆ. ಎಥೆನಾಲ್ ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ್ದ ಕೊಳೆಯನ್ನು ಸಡಿಲಿಸಿ ಫಿಲ್ಟರ್‌ಗೆ ತಂದು ಸುರಿಯುತ್ತದೆ, ಹಳೆಯ ಬಗೆಯ ರಬ್ಬರ್ ಪೈಪನ್ನು ಒಳಗಿನಿಂದ ಉಬ್ಬಿಸಬಲ್ಲದು, ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ತಳ ಸೇರುತ್ತವೆ. ಎಂಜಿನ್ ಎಳೆಯುವುದು ತಳದಿಂದಲೇ. ತಿಂಗಳುಗಟ್ಟಲೆ ನಿಂತಿದ್ದ ವಾಹನವನ್ನು ಹೆದ್ದಾರಿಗೆ ಇಳಿಸುವ ಮೊದಲು ಹಳೆಯ ಪೆಟ್ರೋಲ್ ಬಸಿದು, ಎಥೆನಾಲ್ ತಾಳುವ ಪೈಪ್ ಮತ್ತು ಹೊಸ ಫಿಲ್ಟರ್ ಹಾಕಿಸುವುದು ಲೇಸು. ಇಂಧನ ತುಂಬಿಸಿದ ಕೂಡಲೇ ತೊಂದರೆ ಶುರುವಾಗಿದ್ದರೆ ಬಂಕ್‌ನಲ್ಲಿ ಫಿಲ್ಟರ್ ಕಾಗದದ ಪರೀಕ್ಷೆ ಹಾಗೂ ಸಾಂದ್ರತೆಯ ತಪಾಸಣೆಯನ್ನು ಕೇಳುವ ಹಕ್ಕು ಗ್ರಾಹಕರಿಗಿದೆ.

ಸೈಲೆನ್ಸರ್ ಒಳಗಿನ ಅಡ್ಡಿ

ಅಪರೂಪವಾದರೂ ಹೇಳಲೇಬೇಕಾದ ಕಾರಣ ಇನ್ನೊಂದಿದೆ. ಹಳೆಯ ಸೈಲೆನ್ಸರ್‌ನ ಒಳ ತಗಡು ಅಥವಾ ಕ್ಯಾಟಲಿಟಿಕ್ ಕನ್ವರ್ಟರ್‌ನ ಜೇನುಗೂಡು ಒಡೆದು ತುಣುಕು ಅಲೆದಾಡುತ್ತಿದ್ದರೆ, ಅದು ಹೊಗೆಯ ದಾರಿಗೆ ಅಡ್ಡ ಬಂದಾಗ ಶಕ್ತಿ ಹೋಗುತ್ತದೆ, ಸರಿದಾಗ ಬರುತ್ತದೆ. ತಣ್ಣಗಿರುವಾಗ ಸೈಲೆನ್ಸರನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಗಿಲಕಿಯ ಸದ್ದು ಬರುತ್ತದೆ. ಪೆಟ್ರೋಲ್ ಎಂಜಿನ್‌ಗೆ ವ್ಯಾಕ್ಯೂಮ್ ಗೇಜ್ ಹಚ್ಚಿ 2,500 ಆರ್‌ಪಿಎಂನಲ್ಲಿ ಹಿಡಿದಿಟ್ಟಾಗ ಮುಳ್ಳು ಕ್ರಮೇಣ ಇಳಿಯುತ್ತ ಹೋದರೆ ಅಡ್ಡಿ ಖಚಿತ. ಪುಸ್ತಕಗಳಲ್ಲಿ ಕಾಣುವ 17ರಿಂದ 21 ಇಂಚು ಪಾದರಸದ ಅಂಕಿ ಸಮುದ್ರಮಟ್ಟದ್ದು. ಪ್ರತಿ 300 ಮೀಟರ್‌ಗೆ ಸುಮಾರು ಒಂದು ಇಂಚು ತಗ್ಗುವುದರಿಂದ ಶಿರಾ–ತುಮಕೂರು ಭಾಗದಲ್ಲಿ ಎರಡು ಇಂಚು ಕಡಿಮೆ ತೋರಿಸುವುದು ಸಹಜ.

ರಸ್ತೆಯಲ್ಲಿ, ಗ್ಯಾರೇಜಿನಲ್ಲಿ

ಶಕ್ತಿ ಕುಸಿದಾಗ ಮೊದಲ ಕೆಲಸ ಹಿಂದಿಕ್ಕುವುದನ್ನು ಕೈಬಿಟ್ಟು, ಇಂಡಿಕೇಟರ್ ಹಾಕಿ ಎಡಕ್ಕೆ ಸರಿಯುವುದು. ಟೆಂಪರೇಚರ್ ಮುಳ್ಳು ಕೆಂಪು ಗೆರೆಯಲ್ಲಿದ್ದರೆ ಮುಂದುವರಿಯಬೇಡಿ, ರೇಡಿಯೇಟರ್ ಮುಚ್ಚಳವನ್ನೂ ತೆರೆಯಬೇಡಿ. ಪ್ರಯಾಣಿಕರು ವಾಹನದಿಂದ ಇಳಿದು ರಸ್ತೆಯಿಂದ ದೂರ ನಿಲ್ಲಬೇಕು. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ ಸಂಖ್ಯೆ 1033.

ಗ್ಯಾರೇಜಿನಲ್ಲಿ 'ಪಂಪ್ ಹೋಗಿದೆ, ಬದಲಿಸಿ' ಎಂದು ನೀವೇ ತೀರ್ಪು ಕೊಡುವ ಬದಲು ಗುರುತಿಟ್ಟುಕೊಂಡ ವಿವರಗಳನ್ನು ಮುಂದಿಡಿ. ಒಂದು ಬಾರಿಗೆ ಒಂದೇ ಭಾಗ ಬದಲಾಗಲಿ, ಕಳಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಅದು ಸರಿಯಿದ್ದುದೇ ಆಗಿದ್ದರೆ ಮುಂದೆ ಬೇಕಾದೀತು. ರಿಪೇರಿಯ ನಂತರ ನಗರದೊಳಗಿನ ಒಂದು ಸುತ್ತು ಏನನ್ನೂ ಸಾಬೀತುಪಡಿಸುವುದಿಲ್ಲ. ದೋಷ ಯಾವ ವೇಗದಲ್ಲಿ, ಎಷ್ಟು ಭಾರದೊಂದಿಗೆ, ಎಷ್ಟು ಇಂಧನವಿದ್ದಾಗ ಬರುತ್ತಿತ್ತೋ ಅದೇ ಸ್ಥಿತಿಯಲ್ಲಿ ಕನಿಷ್ಠ ಎರಡು ಮೂರು ಬಾರಿ ದೂರ ಓಡಿಸಿ ನೋಡಿದ ಮೇಲೆಯೇ ಬಿಲ್ ಚುಕ್ತಾ ಮಾಡುವ ಮಾತನ್ನು ಮೆಕ್ಯಾನಿಕ್ ಜೊತೆ ಮೊದಲೇ ಆಡಿಕೊಳ್ಳಬಹುದು. ಗೊತ್ತಿರುವ ಗ್ಯಾರೇಜಿನವರು ಇದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ.